ಅವರು ನಿಮಗೆ ಏನಾಗಬೇಕು?

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ, ನಡುರಾತ್ರಿ. ರೋಗಿಯನ್ನು ಒಳಗೆ ಒಯ್ದಾಗಿದೆ. ಕೌಂಟರಿನವರು ಫಾರಂ ಮುಂದಕ್ಕೆ ತಳ್ಳಿ, ತಲೆ ಎತ್ತದೆ ಕೇಳುತ್ತಾರೆ: 'ಪೇಷೆಂಟ್ ನಿಮಗೆ ಏನಾಗಬೇಕು?' ಗಂಡ, ಹೆಂಡತಿ, ಅಣ್ಣ, ಮಗಳು... ಬೇಕಾದದ್ದು ಒಂದೇ ಪದ. ಹತ್ತು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು ಗಂಡಸರಿಗೆ, ಇಬ್ಬರು ಹೆಂಗಸರಿಗೆ ಆ ಪದವಿಲ್ಲ. 'ಫ್ರೆಂಡ್' ಎಂದರೆ, 'ಮನೆಯವರು ಯಾರೂ ಬಂದಿಲ್ವಾ?' ಎಂಬ ಮಾತು ಬೆನ್ನಿಗೇ ಬರುತ್ತದೆ.

ಸಲಿಂಗ ವಿವಾಹದ ಚರ್ಚೆ ನಮ್ಮಲ್ಲಿ ತಾಳಿ, ಓಲಗ, ಸಂಸ್ಕೃತಿಗಳ ಸುತ್ತಲೇ ಸುತ್ತುತ್ತದೆ. ಜಗಳವಿರುವುದು ಫಾರಮಿನ ಆ ಖಾಲಿ ಗೆರೆಯಲ್ಲಿ.

ಒಂದು ಕಾಲಕ್ಕೆ ಈ ಪ್ರಶ್ನೆಗೆ ನಿಜ ಹೇಳುವುದೇ ಅಪಾಯವಾಗಿತ್ತು. 1860ರಲ್ಲಿ ಬ್ರಿಟಿಷರು ತಂದ ದಂಡ ಸಂಹಿತೆಯ ಸೆಕ್ಷನ್ 377, 'ನಿಸರ್ಗಕ್ಕೆ ವಿರುದ್ಧ'ವಾದ ಸಂಭೋಗಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿತ್ತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಅಳಿಸಿತು. ಬಾಗಿಲು ಮತ್ತೆ ತೆರೆದದ್ದರ ಹಿಂದೆ ಕನ್ನಡ ನಾಡಿನ ಕೈಯೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಲೈಂಗಿಕ ಒಲವೂ ಅದರೊಳಗೆ ಸೇರುತ್ತದೆ ಎಂದಿತು. 377ರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು. 2018ರ ಸೆಪ್ಟೆಂಬರ್ 6ರಂದು ಐವರ ಪೀಠ ಒಮ್ಮತದಿಂದ ಆ ಕಳಂಕ ತೊಳೆಯಿತು.

ಅಪರಾಧವಲ್ಲ ಎಂದಾಯಿತು. ಹಾಗಾದರೆ ಅವರು ಪರಸ್ಪರ ಏನಾಗಬೇಕು?

ಈ ಪ್ರಶ್ನೆ ಹೊತ್ತ ಅರ್ಜಿಗಳನ್ನು 2023ರಲ್ಲಿ ಸಾಂವಿಧಾನಿಕ ಪೀಠ ಹತ್ತು ದಿನ ಆಲಿಸಿತು. ಕೈಗೆತ್ತಿಕೊಂಡದ್ದು 1954ರ ವಿಶೇಷ ವಿವಾಹ ಕಾಯ್ದೆಯನ್ನು. ಅಲ್ಲಿ ಜಾತಿ ಧರ್ಮದ ಹಂಗಿಲ್ಲ. ಆದರೆ ಗಂಡಿಗೆ 21, ಹೆಣ್ಣಿಗೆ 18 ಎಂದು ವಯಸ್ಸು ಬರೆದಿದೆ. ಆ ಎರಡು ಪದಗಳ ಜಾಗದಲ್ಲಿ 'ವ್ಯಕ್ತಿ' ಎಂದು ಓದಿಕೊಳ್ಳಲಾಗದೇ ಎಂದು ಅರ್ಜಿದಾರರು ಕೇಳಿದರು. ಇದು ನಗರದ ಮೇಲ್ವರ್ಗದವರ ಬಯಕೆ ಎಂದು ಕೇಂದ್ರ ಸರ್ಕಾರ ವಾದಿಸಿತು. ಅಕ್ಟೋಬರ್ 17ರ ತೀರ್ಪಿನಲ್ಲಿ ಐವರೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಮದುವೆಯಲ್ಲದಿದ್ದರೂ ಜೊತೆಬಾಳಿಗೆ ಕಾನೂನಿನ ಮಾನ್ಯತೆ ಇರಲಿ ಎಂದವರು ಇಬ್ಬರು, ಒಪ್ಪದವರು ಮೂವರು. ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಾಯಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಆ ಸಂಸತ್ತಿನ ಚರಿತ್ರೆಯಾದರೂ ಏನು? 2015ರಲ್ಲಿ ಶಶಿ ತರೂರ್ 377ರ ತಿದ್ದುಪಡಿಗೆ ಖಾಸಗಿ ಮಸೂದೆ ತಂದರು. ಚರ್ಚೆಯ ಮಾತಿರಲಿ, ಮಂಡನೆಗೇ ಲೋಕಸಭೆ ಒಪ್ಪಲಿಲ್ಲ: ಪರ 24, ವಿರುದ್ಧ 71. ಮದುವೆಯ ಹಕ್ಕಿಗಾಗಿ ಸುಪ್ರಿಯಾ ಸುಳೆ 2022ರಲ್ಲಿ ಮಂಡಿಸಿದ ಮಸೂದೆಯೂ ಕಾನೂನಾಗಲಿಲ್ಲ. ನ್ಯಾಯಾಲಯ ತೋರಿಸಿದ ಬಾಗಿಲಿಗೆ ಒಳಗಿನಿಂದ ಅಗುಳಿ.

ತೀರ್ಪಿನ ಬೆನ್ನಿಗೆ ಕೇಂದ್ರ ಒಂದು ಸಮಿತಿ ಮಾಡಿತು. 2024ರಲ್ಲಿ ಕೆಲವು ಸೂಚನೆಗಳು ಹೊರಬಿದ್ದವು. ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ನಾಮಿನಿ ಮಾಡಬಹುದು. ರೇಷನ್ ಕಾರ್ಡಿನಲ್ಲಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು. ಹತ್ತಿರದ ಬಂಧುಗಳು ಸಿಗದಿದ್ದರೆ ಶವವನ್ನು ಸಂಗಾತಿಗೆ ಕೊಡಬಹುದು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟು, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು.

ಸಣ್ಣ ಗೆಲುವುಗಳೇ, ನಿಜ. ಆದರೂ ಲೆಕ್ಕ ಹಾಕಿ ನೋಡಿ. ಅಕ್ಕಿ ತರುವಾಗ ಅವರು ಒಂದೇ ಮನೆಯವರು. ಶವಾಗಾರದ ಮುಂದೆ, ಅದೂ ಬೇರೆ ಯಾರೂ ಬಾರದಿದ್ದರೆ, ನೆಂಟರು. ಉಯಿಲಿಲ್ಲದ ಆಸ್ತಿಗೆ, ಜೊತೆಯಾಗಿ ದತ್ತು ಪಡೆಯುವುದಕ್ಕೆ ಬಂದರೆ ಯಾರೂ ಅಲ್ಲ. ಪಡಿತರಕ್ಕೂ ಮಸಣಕ್ಕೂ ನಡುವೆ ಒಂದಿಡೀ ಬಾಳಿದೆ. ಅದರ ಗೆರೆ ಇನ್ನೂ ಖಾಲಿ.