ನಿಮಗಿದು ಗೊತ್ತೆ? ಮನೆಯಲ್ಲೇ ಹುಟ್ಟಿದ ಆಕಾಶವಾಣಿ

‘ಆಕಾಶವಾಣಿ’ ಎಂಬ ಹೆಸರು ದಿಲ್ಲಿಯಿಂದ ಬಂದದ್ದಲ್ಲ, ಮೈಸೂರಿನದು! ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಬಾನುಲಿ ಕೇಂದ್ರ ತೆರೆದರು. ಮೊದಲ ಪ್ರೇಷಕದ ಶಕ್ತಿ ಬರೀ 30 ವ್ಯಾಟ್. ಹಳೇ ಕಾಲದ ನಡುಮನೆ ಬಲ್ಬು ಇದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತಿತ್ತು!

ಆಗಿನ ರೇಡಿಯೊ ಗುಂಡಿ ತಿರುವಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾದು ಕೆಂಪಗಾಗಬೇಕಿತ್ತು. ದೂರದಲ್ಲೆಲ್ಲೋ ಮಿಂಚಿದರೂ ಸಂಗೀತದ ನಡುವೆ ಚಟಚಟ.

ಮುಂದೆ ಕೇಂದ್ರವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1955ರಲ್ಲಿ ಪ್ರಸಾರ ಬೆಂಗಳೂರಿಗೆ ಹೋಯಿತು. ಹೆಸರು ಮಾತ್ರ ಇನ್ನೂ ದೂರ ನಡೆಯಿತು: ಆಲ್ ಇಂಡಿಯಾ ರೇಡಿಯೊ ಅದನ್ನೇ ಇಡೀ ದೇಶಕ್ಕೆ ಇಟ್ಟುಕೊಂಡಿತು.