ನಿರ್ವಾತದಲ್ಲಿ ಶಾಖದ ದಾರಿ



ಕೋಟಿಂಗ್ ಯಂತ್ರದಿಂದ ಹೊರಬಂದ ಭಾಗಗಳಲ್ಲಿ ಒಂದು ಬದಿಯವು ಮಾತ್ರ ಚಕ್ಕೆಯೇಳುತ್ತಿದ್ದರೆ, ನಮ್ಮ ಕೈ ಮೊದಲು ಹೋಗುವುದು ತಾಪಮಾನ ಏರಿಸುವ ಗುಂಡಿಗೆ. ಎಡವುವುದು ಅಲ್ಲೇ.

ಬೇಕರಿಯ ಓವನ್‌ನಲ್ಲಿ ಗಾಳಿ ಸುಳಿದಾಡಿ ಬಿಸಿಯನ್ನು ಹಂಚುತ್ತದೆ. ನಿರ್ವಾತದಲ್ಲಿ ಆ ಗಾಳಿ ಇಲ್ಲ. ಶಾಖ ಮುಖ್ಯವಾಗಿ ವಿಕಿರಣದಿಂದಲೇ ತಲುಪಬೇಕು. ಪರದೆಯ ಮೇಲಿನ 300 ಡಿಗ್ರಿ ಥರ್ಮೋಕಪಲ್ ಇರುವ ಜಾಗದ್ದು, ಭಾಗದ್ದಲ್ಲ. ಒಂದು ಹೀಟರ್ ಸತ್ತರೂ ಉಳಿದವು ಹೆಚ್ಚು ದುಡಿದು ಆ ಅಂಕಿಯನ್ನು ಕಾಯ್ದುಕೊಳ್ಳಬಹುದು. ಆಗ ಸೆಟ್ಟಿಂಗ್ ಏರಿಸಿದರೆ ಚೆನ್ನಾಗಿದ್ದ ಬದಿಯೂ ಕೆಡಬಹುದು.

ಮೊದಲು ಎಲೆಕ್ಟ್ರಿಷಿಯನ್‌ನಿಂದ ಕ್ಲ್ಯಾಂಪ್ ಮೀಟರಿನಲ್ಲಿ ಪ್ರತಿ ಹೀಟರಿನ ಕರೆಂಟ್ ಅಳೆಸಿ. ಒಂದೇ ಬಗೆಯ ಹೀಟರುಗಳಲ್ಲಿ ಒಂದರದ್ದು ಮಾತ್ರ ಕಡಿಮೆಯಿದ್ದರೆ, ಪವರ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಛೇಂಬರ್ ತಣಿದ ಮೇಲೆ ಅದರ ರೆಸಿಸ್ಟೆನ್ಸ್, ಟರ್ಮಿನಲ್ ನೋಡಿ. ಎಲ್ಲ ಸಮವಿದ್ದರೆ ಮಂಕಾದ ರಿಫ್ಲೆಕ್ಟರ್, ಜಾಗ ಬಿಟ್ಟು ಸರಿದ ಥರ್ಮೋಕಪಲ್, ಸರಿಯಾಗಿ ತಿರುಗದ ಫಿಕ್ಸ್ಚರ್ ಪರೀಕ್ಷಿಸಿ. ದುರಸ್ತಿಯಾದ ಮೇಲೆ ಫಿಕ್ಸ್ಚರಿನ ಮೇಲೆ, ನಡುವೆ, ಕೆಳಗೆ ತಾಪ ಅಳೆದು ತಾರೀಖಿನೊಂದಿಗೆ ಬರೆದಿಡಿ.

ಬ್ಯಾಚ್ ಕೆಟ್ಟಾಗ ಬೆರಳು ಮೊದಲು ತಿರುಗುವುದು ಆಪರೇಟರ್ ಕಡೆಗೆ. ಪರದೇಶದಲ್ಲಿ ಆಗ ನಮ್ಮ ಪರವಾಗಿ ಮಾತಾಡುವುದು ಆ ಅಂಕಿಗಳೇ.