ಡಬ್ಬಿ ಹುಡುಕೋಣ ಬನ್ನಿ!

ಅಂಚೆಪೆಟ್ಟಿಗೆ ಎಂದೊಡನೆ ನಮಗೆ ನೆನಪಾಗುವುದು ಕೆಂಪು ಬಣ್ಣದ ಡಬ್ಬ. ನಾನು ಹೇಳಹೊರಟಿರುವುದು ಬೇರೆ ಪೆಟ್ಟಿಗೆಯ ಸಂಗತಿ. ಇದು ಗಿಡದ ಮರೆಯಲ್ಲೋ ಬಂಡೆಯ ಹಿಂದೆಯೋ ಅಡಗಿ ಕೂತಿರುತ್ತದೆ. ಚೀಟಿಯಲ್ಲಿ ಬರೆದ ಒಗಟು ಬಿಡಿಸುತ್ತ ನಡೆದುಹೋಗಿ ಅದನ್ನು ಹುಡುಕಬೇಕು. ಒಳಗೆ ಬಂಗಾರವಿಲ್ಲ, ಬೆಳ್ಳಿಯಿಲ್ಲ. ಒಂದು ಸಣ್ಣ ಪುಸ್ತಕ ಮತ್ತು ಒಂದು ರಬ್ಬರ್ ಠಸ್ಸೆ, ನಮ್ಮ ಕಡೆ ಶಿಕ್ಕಾ ಅಂತೀವಲ್ಲ, ಅದು. ಅಷ್ಟಕ್ಕೇ ದೊಡ್ಡವರೂ ಹುಡುಗರ ಹಾಗೆ ಕುಣಿಯುತ್ತಾರೆ! ಈ ಆಟಕ್ಕೆ ಲೆಟರ್‌ಬಾಕ್ಸಿಂಗ್ ಎಂದು ಹೆಸರು.

ಇದು ಹುಟ್ಟಿದ್ದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ. ಗಾಳಿ, ಮಂಜು, ಕಾಲು ಹೂತುಹೋಗುವ ಜೌಗುನೆಲ. ಅಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ಜೇಮ್ಸ್ ಪೆರಟ್ ಎಂಬಾತ 1854ರಲ್ಲಿ ಕ್ರಾನ್‌ಮಿಯರ್ ಪೂಲ್ ಎಂಬ ದೂರದ ಜಾಗದಲ್ಲಿ ಒಂದು ಸೀಸೆ ಇಟ್ಟ. ಅಷ್ಟು ದೂರ ನಡೆದು ಬಂದವರು ಗುರುತಿಗೆ ತಮ್ಮ ಹೆಸರಿನ ಚೀಟಿ ಹಾಕಿ ಹೋಗಲಿ ಎಂದು. ಬರಬರುತ್ತ ಜನ ತಮ್ಮದೇ ವಿಳಾಸ ಬರೆದ ಕಾರ್ಡು ಇಟ್ಟು ಬರತೊಡಗಿದರು. ಮುಂದೆ ಬಂದವರು ಅದನ್ನು ಒಯ್ದು ಅಂಚೆಗೆ ಹಾಕಬೇಕು. ಹೆಸರು ಬಂದದ್ದು ಹಾಗೆ. ಎರಡನೆಯ ಪೆಟ್ಟಿಗೆ ಬೆಲ್‌ಸ್ಟೋನ್ ಗುಡ್ಡಕ್ಕೆ ಬಂದದ್ದು 1894ರಲ್ಲಿ, ಬರೋಬ್ಬರಿ 40 ವರ್ಷ ಬಿಟ್ಟು! ಈಗ ಆ ಬಯಲಿನಲ್ಲಿ ಸಾವಿರಾರು ಡಬ್ಬಿಗಳಿವೆ. ನೂರು ಡಬ್ಬಿ ಹುಡುಕಿ ಠಸ್ಸೆ ಒತ್ತಿಸಿಕೊಂಡವರಿಗಾಗಿ ‘ನೂರರ ಕ್ಲಬ್ಬು’ ಕೂಡ ಉಂಟು. 1998ರಲ್ಲಿ ಅಮೆರಿಕದ ಒಂದು ಮಾಸಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಅಲ್ಲಿಯೂ ಹಬ್ಬಿತು. ಅಲ್ಲಿನವರು ಇದನ್ನು ಉದ್ಯಾನದ ಸುಲಭದ ಕಾಲುದಾರಿಗಳಿಗೆ ತಂದು, ಮಕ್ಕಳನ್ನು ಕರೆದುಕೊಂಡು ಆಡುವಂತೆ ಮಾಡಿದರು.

ಬಚ್ಚಿಡುವುದರಲ್ಲಿ ನಾವೇನು ಕಡಿಮೆಯೆ? ಅಜ್ಞಾತವಾಸಕ್ಕೆ ಹೊರಟ ಪಾಂಡವರು ಬನ್ನಿಮರದಲ್ಲಿ ಆಯುಧ ಅಡಗಿಸಿಟ್ಟ ಕಥೆ ಯಾರಿಗೆ ಗೊತ್ತಿಲ್ಲ?

ನನಗೆ ಈ ಆಟ ಹಿಡಿಸಿದ್ದಕ್ಕೆ ಬೇರೆಯೇ ಕಾರಣವಿದೆ. ನಮ್ಮಂಥ ಊರುಗಳಲ್ಲಿ ಹೆಣ್ಣುಮಕ್ಕಳು ಕೆಲಸವಿಲ್ಲದೆ ನಡೆಯುವುದುಂಟೆ? ಗುಡಿಗೆ ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ, ಶಾಲೆಗೆ ಮಕ್ಕಳನ್ನು ಬಿಡಲು ಹೋಗುತ್ತೇವೆ. ಸುಮ್ಮನೆ ಒಂದು ಸುತ್ತು ಹೊರಟರೆ “ಎಲ್ಲಿಗೆ ಹೊಂಟೀರಿ ಅಕ್ಕಾರ?” ಎಂದು ಹತ್ತು ಮಂದಿ ಕೇಳುತ್ತಾರೆ. ಡಾಕ್ಟರು ದಿನಾ ಅರ್ಧ ತಾಸು ನಡೀರಿ ಅಂತ ಹೇಳಿ ಕಳಿಸುತ್ತಾರೆ, ಎಲ್ಲಿ ನಡೆಯಬೇಕೆಂದು ಮಾತ್ರ ಹೇಳುವುದಿಲ್ಲ. ಡಬ್ಬಿ ಹುಡುಕಲು ಮಕ್ಕಳ ಜೊತೆ ಹೊರಟವಳಿಗೆ ಒಂದು ನೆಪ ಸಿಗುತ್ತದೆ. ಕೇಳಿದವರಿಗೆ ಹೇಳಲು ಉತ್ತರವೂ ಸಿಗುತ್ತದೆ. ಮೊಬೈಲು ಹಿಡಿದು ಮೂಲೆ ಸೇರಿದ ಮಗನೂ ಎದ್ದು ಬರುತ್ತಾನೆ.

ನಮ್ಮ ಭಾಗದಲ್ಲಿ ದೊಡ್ಡ ಕಾಡಿಲ್ಲ, ನಿಜ. ಆದರೆ ಎಳ್ಳ ಅಮಾವಾಸ್ಯೆ ಇದೆಯಲ್ಲ! ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಕುಡಿಕೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರದ ಗಟ್ಟಿ ಮೊಸರು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲಿ ಊಟ ಮುಗಿದ ಮೇಲೆ ದೊಡ್ಡವರು ಬೇವಿನ ನೆರಳಿನಲ್ಲಿ ಅಡ್ಡಾಗುತ್ತಾರೆ, ಹುಡುಗರು ಜಗಳಕ್ಕೆ ಬೀಳುತ್ತಾರೆ. ಆಟಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಮಳೆಗಾಲದಲ್ಲಂತೂ ಬೇಡವೇ ಬೇಡ. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಒಂದೊಂದು ಕಾಲೂ ಸೇರು ಭಾರವಾಗುತ್ತದೆ.

ಮುಚ್ಚಳ ಬಿಗಿಯಾಗಿರುವ ನಾಲ್ಕು ಪ್ಲಾಸ್ಟಿಕ್ ಡಬ್ಬಿ ಸಾಕು. ಪ್ರತಿ ಡಬ್ಬಿಯಲ್ಲಿ ಹಾಳೆ ಹೊಲಿದು ಮಾಡಿದ ಪುಸ್ತಕ, ಒಂದು ಪೆನ್ಸಿಲ್ಲು, ಒಂದು ಠಸ್ಸೆ. ಪೆನ್ಸಿಲ್ ಅಳಿಸುವ ರಬ್ಬರನ್ನು ಬ್ಲೇಡಿನಿಂದ ಕೆತ್ತಿದರೆ ಠಸ್ಸೆಯಾಯಿತು. ಬ್ಲೇಡಿನ ಕೆಲಸ ದೊಡ್ಡವರದು. ಅಕ್ಷರ ಕೆತ್ತಬೇಡಿ, ಒತ್ತಿದಾಗ ತಿರುಗುಮುರುಗಾಗಿ ಬೀಳುತ್ತದೆ. ಹೂವು, ಮೀನು, ಚಂದ್ರ ಇಂಥವು ಚೆನ್ನ. ಬೆಂಡೆಕಾಯಿ ಅಡ್ಡ ಕತ್ತರಿಸಿದರೆ ಕೆತ್ತದೆಯೇ ಹೂವಿನ ಅಚ್ಚು ಸಿಗುತ್ತದೆ, ಆದರೆ ಒಂದು ದಿನದ ಬಾಳಿಕೆ. ಮಸಿಗೆ ಅಂಗಡಿಯ ಸ್ಟ್ಯಾಂಪ್ ಪ್ಯಾಡು. ಪ್ರತಿ ಮಗುವಿಗೂ ಅದರದೇ ಒಂದು ಠಸ್ಸೆ, ಒಂದು ಪುಸ್ತಕ ಇರಬೇಕು. ಡಬ್ಬಿ ಸಿಕ್ಕಾಗ ಅದರ ಠಸ್ಸೆಯನ್ನು ತನ್ನ ಪುಸ್ತಕಕ್ಕೆ, ತನ್ನದನ್ನು ಡಬ್ಬಿಯ ಪುಸ್ತಕಕ್ಕೆ ಒತ್ತಿ, ಇದ್ದಲ್ಲೇ ಇಟ್ಟು ಬರಬೇಕು.

ಒಗಟು ಕಟ್ಟುವ ಕೆಲಸ ಅಜ್ಜಿಯಂದಿರಿಗೆ ಬಿಡಿ, ಅವರ ಮುಂದೆ ನಾವು ಏನೂ ಅಲ್ಲ. “ಮುಳ್ಳಿದ್ರೂ ಮಂದಿ ಕೈ ಹಾಕ್ತಾರ, ದಸರಾದಾಗ ನನ್ನ ಎಲೀನ ಬಂಗಾರ” ಎಂದರೆ ಬನ್ನಿ. “ಕಾಯಿ ಕಂಡ್ರ ಬಾಯಾಗ ನೀರು, ರಾತ್ರಿ ನನ್ನ ಕೆಳಗ ಮಲಗವರು ಯಾರು?” ಎಂದರೆ ಹುಣಸೆ. ಮರ ಗುರುತಿಸಿದ ಮೇಲೆ “ಅಲ್ಲಿಂದ ಮೂಡಣಕ್ಕೆ 20 ಹೆಜ್ಜೆ” ಎಂದು ಸೇರಿಸಿದರಾಯಿತು. ಪೇಟೆಯ ಮಕ್ಕಳಿಗೆ ಮೂಡಣ ಯಾವುದೆಂದು ಹೇಳುವುದೇ ಅರ್ಧ ಆಟ!

ನಮ್ಮೂರಿನವರು ಇನ್ನೊಂದು ಸುಳಿವು ಸೇರಿಸಬಹುದು: “ಹಳೇ ಊರಿನ ಕಡೆ ಮುಖ ಮಾಡಿ ನಿಲ್ಲು.” ಹಳೆಯ ಕೊಲ್ಹಾರ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹೋಗಿ, ಊರು ಮೇಲೆ ಬಂದು ನೆಲೆಸಿತು. ಹೊಸ ಊರಿನಲ್ಲೇ ಹುಟ್ಟಿದ ಮಕ್ಕಳಿಗೆ ಆ ದಿಕ್ಕು ಗೊತ್ತಿಲ್ಲ. “ಆಯೀ, ಹಳೇ ಊರು ಯಾವ ಕಡೆ ಇತ್ತು?” ಎಂದು ಕೇಳಲೇಬೇಕಾಗುತ್ತದೆ. ಕೇಳಿದರೆ ಆಯಿ ಬರೀ ದಿಕ್ಕು ತೋರಿಸಿ ಸುಮ್ಮನಾಗುತ್ತಾಳೆಯೆ? ಓಣಿ, ಬಾವಿ, ಗುಡಿಕಟ್ಟೆ ಎಲ್ಲ ಬರುತ್ತವೆ. ಡಬ್ಬಿ ಸಿಗುವುದು ತಡವಾದರೆ ಆಗಲಿ.

ಎಚ್ಚರಿಕೆಯ ಮಾತೂ ಇದೆ. ಮರದ ಪೊಟರೆ, ಹುತ್ತ, ಕಲ್ಲಿನ ರಾಶಿಯಲ್ಲಿ ಡಬ್ಬಿ ಇಡಲೇಬಾರದು; ಹಾವು ಚೇಳಿನ ಮನೆ ಅದು. ಕೋಲಿನಿಂದ ತಟ್ಟಿ ನೋಡದೆ ಯಾರೂ ಕೈ ಹಾಕಬಾರದು. ಬಾವಿ, ಕಾಲುವೆ, ಹಿನ್ನೀರಿನ ದಂಡೆ ಬೇಡ. ನೆಲ ಅಗೆಯಬಾರದು, ಹಳೆಯ ಗೋಡೆ, ಪುರಾತನ ಕಲ್ಲುಗಳ ತಂಟೆಗೆ ಹೋಗಬಾರದು ಎಂಬುದು ಡಾರ್ಟ್‌ಮೂರಿನವರೂ ಪಾಲಿಸುವ ಕಟ್ಟಳೆ. ಹಾಗೆಯೇ ‘ನಿಧಿ’ ಎಂಬ ಮಾತನ್ನು ಬಾಯಿಗೆ ತರಬೇಡಿ. ನಮ್ಮ ಕಡೆ ಆ ಹೆಸರು ಕೇಳಿದರೆ ರಾತ್ರೋರಾತ್ರಿ ಹಾರೆ ಗುದ್ದಲಿ ತರುವವರಿದ್ದಾರೆ!

ಆಲಮಟ್ಟಿಯ ರಾಕ್ ಗಾರ್ಡನ್ನಿನಲ್ಲಿ ನಡೆಯಲು ಒಳ್ಳೆಯ ದಾರಿಗಳಿವೆ, ಮುದುಕರಿಗೂ ಕಷ್ಟವಿಲ್ಲ. ಆದರೆ ಅದು ಆಣೆಕಟ್ಟಿನ ಜಾಗ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಕಾವಲಿನವರು ಗಾಬರಿಯಾಗುವುದು ಸಹಜ. ಅಲ್ಲಿ ಡಬ್ಬಿ ಇಡದೆ ಬರೀ ಒಗಟು ಆಡಿ. ಅಲ್ಲಿರುವ ಪ್ರಾಣಿಗಳ ಬೊಂಬೆಗಳನ್ನೇ ಗುರುತಾಗಿ ಇಟ್ಟುಕೊಂಡು, ಹುಡುಕಿದವರಿಗೆ ನೀವೇ ಕೈಯಲ್ಲಿ ಠಸ್ಸೆ ಹಿಡಿದು ನಿಂತರಾಯಿತು.

ಹೊಲದಲ್ಲಿ ಆಡಿದಾಗ ಹೊತ್ತು ಮುಳುಗುವ ಮೊದಲು ಡಬ್ಬಿಗಳನ್ನು ಎಣಿಸಿ ಮನೆಗೆ ತನ್ನಿ. ಪುಸ್ತಕಗಳನ್ನು ಎಸೆಯಬೇಡಿ, ಮುಂದಿನ ಸೀಗಿ ಹುಣ್ಣಿಮೆಗೆ ಉಳಿದ ಹಾಳೆ ಬೇಕಾಗುತ್ತವೆ.